ಹದಿನೆಂಟು ಚುಕ್ಕೆಗಳು

ನನ್ನ ತಂಗಿ ಓದುತ್ತಿರುವುದು ಹೆದರಿಕೆಯ ಬಗ್ಗೆ. ಹಾಗೆ ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ಹೆದರಿಕೆಯಲ್ಲ ಅಕ್ಕಾ, ಆತಂಕದ ಕಾಯಿಲೆಗಳು ಎಂದು ತಿದ್ದುತ್ತಾಳೆ. ಆರು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಅದೇ ಸಂಶೋಧನೆ. ಆತಂಕವನ್ನು ಓಡಿಸುವುದಕ್ಕೆ ಗುದ್ದಾಡುವ ಬದಲು ಅದನ್ನು ಒಪ್ಪಿಕೊಂಡು, ಪಕ್ಕದಲ್ಲಿಟ್ಟುಕೊಂಡೇ ಬದುಕುವುದನ್ನು ಕಲಿಸುವ ಚಿಕಿತ್ಸೆ ಇದೆಯಂತೆ. ಅದು ನಿಜವಾಗಿ ಕೆಲಸ ಮಾಡುತ್ತದೆ ಎಂದು ತೋರಿಸುವುದು ಅವಳ ಪ್ರಬಂಧ. ನಾನು ಟೈಲರ್. ಅವಳಿಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು. ನನ್ನ ಒಂದು ಕಂಕುಳಲ್ಲಿ ಹಸುಗೂಸು ಮಗಳು, ಇನ್ನೊಂದು ಕೈಯಲ್ಲಿ ಈ ತಂಗಿ. ಅವಳ ತಲೆ ಬಾಚಿದವಳು ನಾನು, ಸುಳ್ಳು ಹೇಳಿದಾಗ ಅವಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವಳನ್ನು ಬೈಯುವುದು ಬೇಕಾದಷ್ಟಿದೆ.

ಐದು ವರ್ಷದ ಹಿಂದೆ ನಾನಿದ್ದ ಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು, ಬೆರಳುಗಳು ಜೋಮು ಹಿಡಿದವು, ಉಸಿರು ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ. ಕಥೆ ಮುಗಿಯಿತು ಎಂದುಕೊಂಡೆ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ ಹೃದಯ ಗಟ್ಟಿಮುಟ್ಟಾಗಿದೆ ಎಂದರು. ಹೃದಯ ಗಟ್ಟಿಯಾಗಿದ್ದು ಏನು ಬಂತು, ಮರುದಿನ ಬಸ್ ಸ್ಟಾಪ್ ನೋಡಿದರೇ ಕೈಕಾಲು ನಡುಗಿದವು. ಮೊದಲು ಬಸ್ಸು ಬಿಟ್ಟೆ, ಆಮೇಲೆ ದೊಡ್ಡ ರಸ್ತೆ ಬಿಟ್ಟೆ, ಕೊನೆಗೆ ನಮ್ಮ ಬೀದಿಯ ಮೂಲೆಯ ಔಷಧಿ ಅಂಗಡಿಯಿಂದ ಆಚೆಗೆ ಹೋಗುವುದೇ ನಿಂತಿತು. ಗಿರಾಕಿಗಳು ಮನೆಗೇ ಬರುತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕೇಳಿದವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ಮಗಳು ಮದುವೆಯಾಗಿ ಸೇತುವೆಯ ಆಚೆ ಮನೆ ಮಾಡಿದಳು. ಅವಳ ಕಿಟಕಿಗಳಿಗೆಲ್ಲ ಪರದೆ ಹೊಲಿದು ಕಳಿಸಿದೆ, ಕಿಟಕಿಗಳನ್ನು ಮಾತ್ರ ನೋಡಿರಲಿಲ್ಲ.

ಮಗಳು ಬಸುರಿ ಎಂದು ಗೊತ್ತಾದ ಮೇಲೆ ದಿನ ಎಣಿಸಿದಷ್ಟೂ ಭಯವಾಗತೊಡಗಿತು. ಹೆರಿಗೆಯ ಹೊತ್ತಿಗೆ ಬಂದೇ ಬರುತ್ತೇನೆ ಎಂದು ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದೆ. ಮಾತು ಕೊಟ್ಟು ಕೂತು ಅಳುತ್ತಿದ್ದಾಗ ತಂಗಿ ಬಂದಳು. ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ನನ್ನ ಕೈಯಿಂದ ಬಟ್ಟೆ ತೆಗೆದಿಟ್ಟಳು.

"ಅಕ್ಕಾ, ನಿನಗೆ ಏನು ಬೇಕು? ಹೆದರಿಕೆ ಹೋಗಬೇಕಾ, ಮಗಳ ಹತ್ರ ಹೋಗಬೇಕಾ?"

ಎರಡೂ ಬೇಕು ಎಂದೆ. ಒಂದೇ ಆರಿಸಬೇಕು ಎಂದಳು. ಮಗಳು ಎಂದೆ.

"ಹಾಗಾದ್ರೆ ಹೆದರಿಕೆನೂ ಜೊತೆಗೆ ಕರ್ಕೊಂಡೇ ಹೋಗೋಣ ಬಿಡು."

ಆವತ್ತು ಅವಳು ನನ್ನ ಕಣ್ಣಿಗೆ ದೇವರ ಹಾಗೆ ಕಂಡಳು. ಸುಳ್ಳೇಕೆ ಹೇಳಲಿ.

ಮೊದಲ ಎರಡು ವಾರ ಅವಳು ಏನೂ ಕಲಿಸಲಿಲ್ಲ. ಪ್ರತಿ ಸಂಜೆ ಐದಕ್ಕೆ ಬಂದು, ಇವತ್ತು ಆತಂಕ ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳು ಎನ್ನುತ್ತಿದ್ದಳು. ಏಳು ಎಂದೋ ಎಂಟು ಎಂದೋ ಹೇಳುತ್ತಿದ್ದೆ. ನೀಲಿ ರಟ್ಟಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡಳು. ನಮ್ಮವರಿಗೆ ನಾವೇ ಚಿಕಿತ್ಸೆ ಕೊಡುವ ಹಾಗಿಲ್ಲ, ಇದು ನನ್ನ ಅಭ್ಯಾಸಕ್ಕೆ ಅಷ್ಟೇ, ಫೈಲಿನಲ್ಲಿರಲಿ ಎಂದಳು. ನಾನು ಓದಲಿಲ್ಲ. ತಂಗಿ ಕೊಟ್ಟ ಕಾಗದವನ್ನು ಓದಿ ಸಹಿ ಹಾಕುವ ಅಕ್ಕ ಎಲ್ಲಾದರೂ ಇದ್ದಾಳೆಯೇ?

ಮೂರನೆಯ ವಾರದಿಂದ ನಡಿಗೆ ಶುರುವಾಯಿತು. ಔಷಧಿ ಅಂಗಡಿಯವರೆಗೆ ಹೋಗುವುದು, ಅಲ್ಲಿಂದ ಹತ್ತು ಹೆಜ್ಜೆ ಮುಂದೆ, ನಾಳೆ ಇಪ್ಪತ್ತು. ಎದೆ ಹೊಡೆದುಕೊಂಡಾಗ ಅವಳು ಧೈರ್ಯ ಹೇಳುತ್ತಿರಲಿಲ್ಲ, ಏನೂ ಆಗಲ್ಲ ಎಂದೂ ಹೇಳುತ್ತಿರಲಿಲ್ಲ. ಮಾತಿನ ಚಟದ ಗಿರಾಕಿ ಬಂದರೆ ಏನು ಮಾಡುತ್ತೀ ಎಂದು ಕೇಳಿದಳು. ಕೂರಿ ಅನ್ನುತ್ತೇನೆ, ನನ್ನ ಪಾಡಿಗೆ ಹೊಲಿಯುತ್ತಿರುತ್ತೇನೆ ಎಂದೆ. ಇದನ್ನೂ ಹಾಗೇ ಕೂರಿಸು, ಮಷೀನು ನಿಲ್ಲಿಸಬೇಡ ಎಂದಳು. ನನಗೆ ನಗು ಬಂತು. ನಗುತ್ತಲೇ ದೊಡ್ಡ ರಸ್ತೆ ದಾಟಿದೆ. ಆರು ವಾರ ಮುಗಿಯುವಷ್ಟರಲ್ಲಿ ಅವಳ ಕೈ ಹಿಡಿದುಕೊಂಡು ಬಸ್ಸಿನಲ್ಲಿ ಎರಡು ಸ್ಟಾಪ್ ಹೋಗಿಬಂದಿದ್ದೆ. ಹೇಳುವ ನಂಬರು ಮೂರಕ್ಕೆ ಇಳಿದಿತ್ತು. ಹೆರಿಗೆಗೆ ಇನ್ನೂ ಒಂದು ತಿಂಗಳಿತ್ತು, ನಮ್ಮಿಬ್ಬರ ಮುಂದೆ ಉಳಿದಿದ್ದು ಸೇತುವೆ ಮಾತ್ರ.

ಆಗ ಅವಳ ಫೋನು ಬಂತು. ಕೆಲಸ ವಿಪರೀತವಾಗಿದೆ, ಎರಡು ಮೂರು ವಾರ ಬರಲಾಗುವುದಿಲ್ಲ ಎಂದಳು. ಪರವಾಗಿಲ್ಲ, ನಾನೊಬ್ಬಳೇ ನಡೆದುಕೊಂಡಿರುತ್ತೇನೆ ಎಂದೆ.

"ಬೇಡ ಅಕ್ಕಾ. ಒಬ್ಬಳೇ ಮಾಡಿದ್ರೆ ಕೆಡುತ್ತೆ. ಎಲ್ಲಾ ನಿಲ್ಲಿಸ್ಬಿಡು. ಸಂಜೆ ನಾನು ಫೋನ್ ಮಾಡ್ತೀನಿ, ನಂಬರ್ ಮಾತ್ರ ಹೇಳು."

ಡಾಕ್ಟರು ಹೇಳಿದ ಪಥ್ಯದಂತೆ ಪಾಲಿಸಿದೆ. ನಡೆಯಲಿಲ್ಲ, ಬಸ್ಸು ಹತ್ತಲಿಲ್ಲ, ಗಿರಾಕಿಯನ್ನು ಕೂರಿಸುವ ಆಟವನ್ನೂ ಆಡಲಿಲ್ಲ. ನಾಲ್ಕನೆಯ ದಿನ ನಂಬರು ಐದಾಯಿತು, ಎಂಟನೆಯ ದಿನ ಏಳು. ಅವಳು ಹೂಂ ಎನ್ನುತ್ತಿದ್ದಳು, ಅಷ್ಟೇ.

ಹತ್ತನೆಯ ದಿನ ಬೆಳಿಗ್ಗೆ ಅಳಿಯ ಫೋನು ಮಾಡಿದ. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೊಲಿದಿಟ್ಟಿದ್ದ ಪುಟ್ಟ ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಸ್ಟಾಪಿಗೆ ಹೋದೆ. ಮೊದಲ ಬಸ್ಸು ಬಂತು, ಹೋಯಿತು. ಎರಡನೆಯದು ಬಂತು. ಮೂರನೆಯದರ ಮೆಟ್ಟಿಲಿಗೆ ಕಾಲಿಟ್ಟೆ. ಕಣ್ಣು ಕತ್ತಲೆ ಬಂದು, ಹಿಂದಿನವರ ಕೈಯಲ್ಲಿ ಬೈಸಿಕೊಂಡು ಕೆಳಗಿಳಿದೆ. ಅಲ್ಲೇ ಬೆಂಚಿನ ಮೇಲೆ ಕೂತು ತಂಗಿಗೆ ಫೋನು ಮಾಡಿದೆ. ಒಂದೇ ಒಂದು ಗಳಿಗೆ ಬಾ, ಕೈ ಹಿಡಿದುಕೋ ಸಾಕು, ಬೇರೇನೂ ಬೇಡ ಎಂದು ಗೋಗರೆದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇಲ್ಲಿಂದಲೇ ಆಸ್ಪತ್ರೆಗೆ ಹೋಗುತ್ತೇನೆ, ಅವಳ ಜೊತೆ ಯಾರಾದರೂ ಇರಬೇಕಲ್ಲ, ನೀನು ಮನೆಗೆ ಹೋಗು ಎಂದಳು. ನನಗೆ ಬೇಜಾರಾಗಲಿಲ್ಲ. ಬೇಜಾರೇಕೆ, ಅವಳಾದರೂ ಇದ್ದಾಳಲ್ಲ ಎಂದು ಅವಳಿಗೆ ಕೈ ಮುಗಿದೆ.

ಸಂಜೆ ಐದಕ್ಕೆ ಅವಳೇ ಫೋನು ಮಾಡಿ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದಳು. ನಾನು ಅತ್ತೆ. ಅಳು ನಿಲ್ಲುವವರೆಗೆ ಕಾದು ಕೇಳಿದಳು.

"ಅಕ್ಕಾ, ಇವತ್ತು ಎಷ್ಟು?"

ಒಂಬತ್ತು ಎಂದೆ.

ಇದಾದ ಎಂಟು ದಿನಕ್ಕೆ ಕೆಲಸ ಮುಗಿಯಿತೆಂದು ಮತ್ತೆ ಬಂದಳು, ನಡಿಗೆ ಮತ್ತೆ ಶುರುವಾಯಿತು. ಮಗುವಿಗೆ ಎರಡು ತಿಂಗಳಾದಾಗ ತಂಗಿಯ ಪಕ್ಕದಲ್ಲಿ ಕೂತು ಸೇತುವೆ ದಾಟಿದೆ. ಮಗಳು ಬಾಗಿಲಲ್ಲಿ ನಿಂತು, ಬಂದ್ಯಾಮ್ಮ, ಈಗ ಪುರುಸೊತ್ತಾಯ್ತಾ ಎಂದಳು. ಚಿಕ್ಕಮ್ಮ ಇಲ್ಲದಿದ್ದರೆ ಆವತ್ತು ನಾನು ಏನಾಗುತ್ತಿದ್ದೆನೋ ಎಂದೂ ಎರಡು ಸಲ ಹೇಳಿದಳು. ಅಂದಿನಿಂದ ಮಗುವಿಗೆ ಹಲ್ಲು ಬಂದರೂ ಚಿಕ್ಕಮ್ಮನಿಗೆ ಮೊದಲು ಫೋನು, ನನಗೆ ಮರುದಿನ. ನಾನು ಬಾಯಿ ಬಿಡಲಿಲ್ಲ. ಹೆತ್ತ ಮಗಳು ನೋವು ತಿನ್ನುವಾಗ ಬಸ್ ಸ್ಟಾಪಿನಿಂದ ವಾಪಸು ಬಂದ ತಾಯಿ ಬಾಯಿ ಬಿಟ್ಟು ಏನು ಹೇಳುವುದು? ತಪ್ಪೆಲ್ಲ ನನ್ನದೇ, ನನ್ನ ಪುಕ್ಕಲು ಗುಂಡಿಗೆಯದು ಎಂದು ಒಂದು ವರ್ಷ ನಂಬಿಕೊಂಡು ಕೂತಿದ್ದೆ.

ಮೊನ್ನೆ ಅವಳ ಪ್ರಬಂಧದ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಬಂದು ಕೂತು ಕೇಳಬಹುದಾದ ಪರೀಕ್ಷೆ ಅದು. ಅದಕ್ಕೆಂದು ಅವಳಿಗೆ ಕಡುನೀಲಿ ಕೋಟು ಹೊಲಿದುಕೊಟ್ಟಿದ್ದೆ. ಒಳಗೆ ಲೈನಿಂಗು, ಭುಜಕ್ಕೆ ಹದವಾದ ಪ್ಯಾಡು, ಗುಂಡಿಯ ಕಾಜಾಗಳನ್ನು ಕೈಯಲ್ಲೇ ಕಟ್ಟಿದ್ದೆ. ಮೂರು ಸಲ ಟ್ರಯಲ್ ನೋಡಿದ್ದೆ. ನೀನು ಬರಬೇಡ ಅಕ್ಕಾ, ಬರೀ ಒಣ ಮಾತು, ಜನ ಬೇರೆ ಜಾಸ್ತಿ ಎಂದಳು. ನನ್ನ ಮೇಲಿನ ಕಾಳಜಿಗೆ ಹಾಗನ್ನುತ್ತಾಳೆ ಎಂದುಕೊಂಡೆ. ಅವಳಿಗೆ ಗೊತ್ತಿಲ್ಲದ ಹಾಗೆ ಹೋಗಿ, ಮುಗಿದ ಮೇಲೆ ಎದುರಿಗೆ ನಿಂತು ಬೆಚ್ಚಿಬೀಳಿಸಬೇಕೆಂಬ ಆಸೆ ನನಗೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಒಬ್ಬಳೇ ಹೋದೆ. ಮೊದಲ ಬಸ್ಸಿನಲ್ಲಿ ನಂಬರು ಆರು, ಎರಡನೆಯದರಲ್ಲಿ ನಾಲ್ಕು. ಇದನ್ನು ಅವಳಿಗೆ ಹೇಳಿದರೆ ಎಷ್ಟು ಕುಣಿಯುತ್ತಾಳೋ ಎಂದುಕೊಂಡು ಮೂರು ಮಹಡಿ ಹತ್ತಿದೆ. ಕೋಣೆಯಲ್ಲಿ ನಲವತ್ತು ಜನರಿದ್ದರು. ಕೊನೆಯ ಸಾಲಿನಲ್ಲಿ ಎತ್ತರದ ಆಸಾಮಿಯೊಬ್ಬನ ಹಿಂದೆ ಕೂತೆ.

ಕೋಟು ಅವಳಿಗೆ ಅಚ್ಚುಕಟ್ಟಾಗಿ ಕೂತಿತ್ತು. ಗೋಡೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಬದಲಿಸುತ್ತ ಮಾತಾಡುತ್ತಿದ್ದಳು. ಅರ್ಧ ನನಗೆ ಅರ್ಥವಾಗಲಿಲ್ಲ, ಆದರೂ ಹೆಮ್ಮೆಯಿಂದ ಎದೆ ಉಬ್ಬಿತು. ಆಮೇಲೆ ಹೊಸ ಚಿತ್ರ ಬಂತು. ಅದರ ಮೇಲೆ ಬರೆದಿತ್ತು: ನಲವತ್ತೈದು ವರ್ಷದ ಮಹಿಳೆ, ವೃತ್ತಿ ಹೊಲಿಗೆ, ಬಸ್ಸು ಮತ್ತು ಸೇತುವೆಯ ಭಯ.

ಕೆಳಗೆ ಚುಕ್ಕೆಗಳಿದ್ದವು. ದಿನಕ್ಕೊಂದು ಚುಕ್ಕೆ, ಸೊನ್ನೆಯಿಂದ ಹತ್ತರವರೆಗೆ. ಉದ್ದ ಗೆರೆಗಳನ್ನೆಳೆದು ನಾಲ್ಕು ಭಾಗ ಮಾಡಿದ್ದಳು. ಮೊದಲನೆಯದರಲ್ಲಿ ಚುಕ್ಕೆಗಳು ಮೇಲಿದ್ದವು, ಎರಡನೆಯದರಲ್ಲಿ ಕೆಳಗಿಳಿದಿದ್ದವು. ಮೂರನೆಯದರಲ್ಲಿ ಮತ್ತೆ ಹತ್ತಿ, ನಾಲ್ಕನೆಯದರಲ್ಲಿ ಮತ್ತೆ ಇಳಿದಿದ್ದವು. ನನ್ನ ಹೊಟ್ಟೆಯೊಳಗಿನ ನಡುಕವನ್ನು ನಲವತ್ತು ಜನರ ಮುಂದೆ ಗೋಡೆಗೆ ತೂಗುಹಾಕಿದ್ದಳು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವಳು ಮೂರನೆಯ ಭಾಗವನ್ನು ವಿವರಿಸತೊಡಗಿದಳು. ಗುಣವಾಗಿದ್ದು ಚಿಕಿತ್ಸೆಯಿಂದಲೇ ಎಂದು ತೋರಿಸುವುದು ಹೇಗೆ? ನಡುವೆ ಚಿಕಿತ್ಸೆಯನ್ನು ಬೇಕೆಂತಲೇ ನಿಲ್ಲಿಸಬೇಕು. ನಿಲ್ಲಿಸಿದಾಗ ಆತಂಕ ಏರಿ, ಮತ್ತೆ ಕೊಟ್ಟಾಗ ಇಳಿದರೆ, ಕಾರಣ ಚಿಕಿತ್ಸೆಯೇ ಎಂದಾಯಿತು. ಇದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿಯಂತೆ.

ಮೂರನೆಯ ಭಾಗದ ಚುಕ್ಕೆಗಳನ್ನು ಎಣಿಸಿದೆ. ಹದಿನೆಂಟು. ಹತ್ತನೆಯದು ಎಲ್ಲಕ್ಕಿಂತ ಮೇಲೆ, ಒಂಬತ್ತರ ಗೆರೆಯಲ್ಲಿತ್ತು. ಅವಳು ಕೆಂಪು ಬೆಳಕನ್ನು ಅದರ ಸುತ್ತ ಸುತ್ತಿಸಿದಳು.

"ಹತ್ತನೇ ದಿನ ಒಂದು ಬಾಹ್ಯ ಘಟನೆ ನಡೆಯಿತು. ಆದರೂ ಹಂತವನ್ನು ಮುರಿಯದೆ ಪೂರ್ಣಗೊಳಿಸಿದೆವು."

ನನ್ನ ಮೊಮ್ಮಗಳು ಹುಟ್ಟಿದ್ದು ಬಾಹ್ಯ ಘಟನೆ. ಹಂತ ಮುರಿಯಬಾರದೆಂದು ಅವಳು ನನ್ನ ಕೈ ಹಿಡಿಯಲು ಬರಲಿಲ್ಲ. ಕೆಲಸವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬೆಂಚಿನ ಮೇಲೆ ಕೂತು ನಾನು ಗೋಗರೆದಾಗ ಅವಳು ಸುಮ್ಮನಿದ್ದಳಲ್ಲ, ಆಗ ಯೋಚಿಸಿದ್ದು ಈ ಚುಕ್ಕೆಗಳನ್ನು. ಸಾಕಿದ ಕೈಗೇ ಚುಚ್ಚಿದಳಲ್ಲ.

ಪರೀಕ್ಷಕರು ಇಬ್ಬರಿದ್ದರು. ಅವರಲ್ಲಿ ವಯಸ್ಸಾದವರು ಪ್ರಶ್ನೆ ಕೇಳತೊಡಗಿದರು. ಬಾಹ್ಯ ಘಟನೆ ಎಂದರೇನು ಎಂದರು. ಅವರ ಮನೆಯಲ್ಲೊಂದು ಹೆರಿಗೆ ಎಂದಳು. ಆ ಮಹಿಳೆ ನಿಮಗೆ ಮೊದಲೇ ಗೊತ್ತಿದ್ದವರೇ ಎಂದು ಕೇಳಿದರು.

"ಇಲ್ಲ ಸರ್. ಬಟ್ಟೆ ಹೊಲಿಸೋಕೆ ಹೋದಾಗ ಪರಿಚಯ ಆದ್ರು. ಅದಕ್ಕೆ ಮೊದಲು ಅವರು ನನಗೆ ಯಾರೂ ಅಲ್ಲ."

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಪ್ರಶ್ನೆ ಕೇಳಬಹುದೇ ಎಂದೆ. ಎಲ್ಲರೂ ತಿರುಗಿದರು. ತಂಗಿ ನನ್ನನ್ನು ನೋಡಿದಳು; ಅವಳ ಮುಖದ ರಕ್ತ ಬಸಿದುಹೋಯಿತು, ಕೈ ಕೋಟಿನ ಎರಡನೆಯ ಗುಂಡಿಯನ್ನು ಹಿಡಿದುಕೊಂಡಿತು.

"ಮೇಡಂ, ನೀವು ಬೇಕಂತಲೇ ನಿಲ್ಲಿಸಿದ್ದು ಅಂತ ಆ ಹೆಂಗಸಿಗೆ ಗೊತ್ತಿತ್ತಾ?"

ಹುಟ್ಟಿದಾಗಿನಿಂದ ಅವಳನ್ನು ಏಕವಚನದಲ್ಲೇ ಕರೆದವಳು ನಾನು. ಯಾರೂ ಅಲ್ಲದವರನ್ನು ಹೀಗೇ ತಾನೆ ಮಾತಾಡಿಸುವುದು. ಅವಳು ಗುಂಡಿ ತಿರುವುತ್ತ ಹೇಳಿದಳು.

"ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ... ಫಲಿತಾಂಶ ಸರಿಯಾಗಿ ಬರ್ತಿರ್ಲಿಲ್ಲ."

ವಯಸ್ಸಾದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, ತಾವು ಯಾರಮ್ಮ ಎಂದರು. ನಾನೇ ಆ ಟೈಲರ್ ಎಂದೆ.

ಹೇಗೆ ಬಂದಿರಿ ಎಂದು ಅವರು ಮೆಲ್ಲಗೆ ಕೇಳಿದರು. ಎರಡು ಬಸ್ಸು ಹತ್ತಿ ಒಬ್ಬಳೇ ಬಂದೆ ಎಂದೆ. ಅವರ ಮುಖ ಅರಳಿಬಿಟ್ಟಿತು. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು ಎಂದು ಪಕ್ಕದವರ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು, ಅದು ಹಿಂದಿನ ಸಾಲಿನವರೆಗೆ ಹಬ್ಬಿತು. ಎತ್ತರದ ಆಸಾಮಿ ನನ್ನ ಕೈ ಕುಲುಕಿದ. ನಾನು ಜಗಳ ಆಡಲು ಎದ್ದು ನಿಂತಿದ್ದೆ, ಅವರಿಗೆ ನಾನು ಇನ್ನೊಂದು ಚುಕ್ಕೆಯಾಗಿ ಒದಗಿದ್ದೆ.

ತಂಗಿ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದವಳಿದ್ದಾಗ ಏನಾದರೂ ಒಡೆದುಹಾಕಿ, ಹೇಳಬೇಡ ಅಕ್ಕಾ ಎಂದು ಹೀಗೇ ನೋಡುತ್ತಿದ್ದಳು. ನಾನು ಎಂದೂ ಹೇಳಿದವಳಲ್ಲ. ಈಗಲೂ ಕೂತುಬಿಡುತ್ತಿದ್ದೆ, ಅರ್ಧ ಕೂತೂ ಇದ್ದೆ. ಆದರೆ ನಾನು ಕೂರುವುದನ್ನು ಕಂಡು ಅವಳ ಮುಖಕ್ಕೆ ಜೀವ ಬಂತು. ಗುಂಡಿ ಬಿಟ್ಟು, ಎಲ್ಲರ ಜೊತೆ ಸೇರಿ ಅವಳೂ ಚಪ್ಪಾಳೆ ತಟ್ಟಿದಳು.

ಮತ್ತೆ ಎದ್ದೆ.

"ಇವಳು ನನ್ನ ಒಡಹುಟ್ಟಿದ ತಂಗಿ. ಹೆರಿಗೆ ಅಂದ್ಲಲ್ಲ, ಅದು ನನ್ನ ಮಗಳದು. ನಾನು ಆಸ್ಪತ್ರೆಗೆ ಹೋಗಕ್ಕಾಗದೆ ಬಸ್ ಸ್ಟಾಪಲ್ಲಿ ಅಳ್ತಾ ಕೂತಿದ್ದಾಗ ಅಲ್ಲಿ ಮಗಳ ಕೈ ಹಿಡ್ಕೊಂಡಿದ್ದವಳು ಇವಳೇ. ಹಾಕ್ಕೊಂಡಿರೋ ಆ ಕೋಟು ನಾನು ಹೊಲಿದಿದ್ದು."

ಚಪ್ಪಾಳೆ ನಿಂತಿತು. ವಯಸ್ಸಾದವರು ಪೆನ್ನಿಗೆ ಮುಚ್ಚಳ ಹಾಕಿ, ತಂಗಿಯನ್ನು ಒಂದೇ ಮಾತು ಕೇಳಿದರು, ನಿಜವೇ ಎಂದು. ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಿ, ನಾವು ಮಾತಾಡಿಕೊಳ್ಳಬೇಕು ಎಂದರು.

ನಾನು ಮೆಟ್ಟಿಲಿನ ಕಡೆ ಹೊರಟಿದ್ದೆ. ಅವಳು ಓಡಿಬಂದು ಅಡ್ಡ ನಿಂತಳು. ಆರು ವರ್ಷ ಅಕ್ಕಾ, ಆರು ವರ್ಷ ಎಂದಳು. ಅಳುತ್ತಲೇ ಎಲ್ಲವನ್ನೂ ಬಿಡಿಸಿ ಹೇಳಿದಳು. ಪ್ರಬಂಧಕ್ಕೆ ಬೇರೆ ಯಾರೂ ಸಿಕ್ಕಿರಲಿಲ್ಲ, ಒಪ್ಪಿದವರು ಅರ್ಧಕ್ಕೆ ಬಿಟ್ಟುಹೋಗಿದ್ದರು. ಹೆರಿಗೆ ಅಷ್ಟು ಬೇಗ ಆಗುತ್ತದೆಂದು ಅವಳೇನು ಕನಸು ಕಂಡಿದ್ದಳೇ. ಆಗಲೇ ಒಂಬತ್ತು ಚುಕ್ಕೆ ಬಿದ್ದಾಗಿತ್ತು, ಅವತ್ತು ಬಂದು ಕೈ ಹಿಡಿದಿದ್ದರೆ ಮೊದಲಿನಿಂದ ಶುರುಮಾಡಬೇಕಾಗಿತ್ತು. ಅವಳ ಲೆಕ್ಕದಲ್ಲಿ ಅದು ಒಂದು ದಿನದ ಮಾತು. ಮಗುವನ್ನು ಮರುವಾರ ನೋಡಬಹುದಲ್ಲ ಎಂದುಕೊಂಡಳಂತೆ.

"ಆದ್ರೂ ನೀನು ಇವತ್ತು ಇಲ್ಲಿವರೆಗೆ ಒಬ್ಬಳೇ ಬಂದ್ಯಲ್ಲ ಅಕ್ಕಾ. ಅದು ನನ್ನಿಂದ ಅಲ್ವಾ?"

"ಹೌದು. ನಿನ್ನಿಂದಲೇ."

ಅದು ನಿಜ, ಅದಕ್ಕೇ ತಡೆಯಲಾಗಲಿಲ್ಲ. ಬರೀ ಮೋಸ ಮಾಡಿದ್ದರೆ ಎರಡು ಬಿಟ್ಟು ಬರುತ್ತಿದ್ದೆ. ಗುಣ ಮಾಡಿದ ಕೈ, ಮಗಳನ್ನು ನನ್ನಿಂದ ದೂರ ಮಾಡಿದ ಕೈ, ಎರಡೂ ಒಂದೇ ಆದಾಗ ಏನು ಮಾಡುವುದು? ತಿರುವಿ ತಿರುವಿ ಅವಳ ಕೋಟಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ನನ್ನ ಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಹೊರಗೆ ತೆಗೆದಿದ್ದು ಬಸ್ಸಿನ ಚಿಲ್ಲರೆಯನ್ನು ಮಾತ್ರ.

ಸ್ಟಾಪಿನಲ್ಲಿ ಮನೆಯ ಕಡೆಯ ಬಸ್ಸು ನಿಂತಿತ್ತು. ಅದನ್ನು ಬಿಟ್ಟು, ಹಿಂದೆ ಬಂದ ಸೇತುವೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ಸೇತುವೆಯ ಕಂಬಗಳು ಕಾಣತೊಡಗಿದಾಗ ಬೆರಳು ಜೋಮು ಹಿಡಿಯಿತು, ಬೆನ್ನಲ್ಲಿ ಬೆವರಿಳಿಯಿತು. ಎಂಟು. ನಡುಸೇತುವೆಯಲ್ಲಿ ಬಸ್ಸು ನಿಧಾನವಾದಾಗ ಒಂಬತ್ತು. ಅವಳು ಕಲಿಸಿದ್ದು ಒಂದೂ ಬೇಡ ಎಂದು ಹಲ್ಲು ಕಚ್ಚಿ ಕೂತೆ. ಆಗಲಿಲ್ಲ. ಕೂರು ಅನ್ನು, ಮಷೀನು ನಿಲ್ಲಿಸಬೇಡ ಎಂದು ಅವಳದೇ ದನಿ ಕಿವಿಯಲ್ಲಿ ಕೇಳಿತು. ಅವಳನ್ನು ಬಾಯಿತುಂಬ ಬೈಯುತ್ತಲೇ ಅವಳು ಹೇಳಿದಂತೆ ಮಾಡಿದೆ. ಬೇರೆ ದಾರಿ ನನ್ನ ಹತ್ತಿರ ಇರಲಿಲ್ಲ. ಬಸ್ಸು ಸೇತುವೆ ಇಳಿಯುವಾಗ ಕೆನ್ನೆ ಒದ್ದೆಯಾಗಿತ್ತು.

ಮಗಳು ಬಾಗಿಲು ಅರ್ಧ ತೆರೆದಳು. ಸೊಂಟದಲ್ಲಿ ಮಗು. ನನ್ನನ್ನು ಕಂಡು ನಕ್ಕಳು, ಆಮೇಲೆ ನನ್ನ ಹೆಗಲ ಮೇಲಿನಿಂದ ಮೆಟ್ಟಿಲಿನ ಕಡೆ ಕಣ್ಣು ಹಾಯಿಸಿದಳು.

"ಚಿಕ್ಕಮ್ಮ ಎಲ್ಲಿ?"

"ಬಂದಿಲ್ಲ. ನಾನೊಬ್ಬಳೇ ಬಂದೆ. ಇವಳು ಹುಟ್ಟಿದ ದಿನ ನಾನು ಯಾಕೆ ಬರ್ಲಿಲ್ಲ ಅಂತ ನಿನಗೆ ಹೇಳ್ಬೇಕು."

ಮಗಳು ಬಾಗಿಲು ಪೂರ್ತಿ ತೆರೆದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. ಬಾಗಿಲು ಹಾಕುವ ಮೊದಲು ಅವಳು ಇನ್ನೊಂದು ಸಲ ಮೆಟ್ಟಿಲಿನ ಕಡೆ ನೋಡಿದಳು.